ಥಾರ್: ಹನಿ ಲೆಕ್ಕದ ನಾಡು

ಅರಾವಳಿ ಬೆಟ್ಟಸಾಲಿನ ಪಶ್ಚಿಮಕ್ಕೆ ಶುರುವಾಗಿ ಸಿಂಧೂ ಬಯಲಿನವರೆಗೆ ಹಬ್ಬಿರುವ ಥಾರ್ ಮರುಭೂಮಿಯ ವಿಸ್ತೀರ್ಣ ಸುಮಾರು 2 ಲಕ್ಷ ಚದರ ಕಿಲೋಮೀಟರ್. ಹೆಚ್ಚೂಕಡಿಮೆ ಇಡೀ ಕರ್ನಾಟಕದಷ್ಟು. ಇದರ ದೊಡ್ಡ ಪಾಲು ಭಾರತದಲ್ಲಿದೆ. ರಾಜಸ್ಥಾನದ ಜೈಸಲ್ಮೇರ್, ಬಾಡ್ಮೇರ್, ಬಿಕಾನೇರ್, ಜೋಧ್‌ಪುರ, ಚೂರು, ನಾಗೌರ್ ಸೀಮೆಗಳೆಲ್ಲ ಇದರೊಳಗೆ ಬರುತ್ತವೆ. ಉಳಿದದ್ದು ಪಾಕಿಸ್ತಾನದ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳಿಗೆ ಸೇರಿದೆ. ದಕ್ಷಿಣದಲ್ಲಿ ಕಛ್‌ನ ರಣ್ ಇದರ ಗಡಿ.

ಮರುಭೂಮಿ ಎಂದರೆ ಜನರಿಲ್ಲದ ಬಯಲು ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ. ಜಗತ್ತಿನ ಮರುಭೂಮಿಗಳಲ್ಲೇ ಅತಿ ಹೆಚ್ಚು ಜನ ನೆಲೆಸಿರುವ ಸೀಮೆಗಳಲ್ಲಿ ಥಾರ್ ಒಂದು. ಹೊಲ, ಹಟ್ಟಿ, ಸಂತೆ, ಕೋಟೆ, ಜಾತ್ರೆ ಎಲ್ಲವೂ ಇಲ್ಲಿವೆ. ಎಲ್ಲೆಲ್ಲೂ ದನ, ಕುರಿ, ಮೇಕೆ, ಒಂಟೆಗಳಿವೆ. ಇಷ್ಟು ಕಡಿಮೆ ಮಳೆಯ ನೆಲ ಇಷ್ಟು ಜೀವಗಳನ್ನು ಶತಮಾನಗಳಿಂದ ಸಾಕಿಕೊಂಡು ಬಂದಿರುವುದಕ್ಕೆ ಕಾರಣ, ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ನಿಲ್ಲುತ್ತದೆ, ಅದರಲ್ಲಿ ಯಾರ ಪಾಲು ಎಷ್ಟು ಎಂಬ ಲೆಕ್ಕವನ್ನು ಇಲ್ಲಿನ ಗಿಡ, ಪ್ರಾಣಿ, ಮನುಷ್ಯರೆಲ್ಲ ಕಲಿತಿರುವುದು. ಈ ಲೆಕ್ಕ ತಪ್ಪಿದಲ್ಲೆಲ್ಲ ನೆಲ ಕೆಟ್ಟಿದೆ.

ಮಳೆ ಬಾರದ ಕಾರಣ

ಅರಬ್ಬೀ ಸಮುದ್ರದಿಂದ ನೈಋತ್ಯ ಮಾರುತಗಳು ಬೀಸುವ ದಿಕ್ಕಿಗೆ ಅರಾವಳಿ ಸಾಲು ಹೆಚ್ಚೂಕಡಿಮೆ ಸಮಾನಾಂತರವಾಗಿದೆ. ಪಶ್ಚಿಮಘಟ್ಟ ಮೋಡಗಳಿಗೆ ಅಡ್ಡ ನಿಂತು ಮಳೆ ಸುರಿಸಿಕೊಳ್ಳುವಂತೆ ಅರಾವಳಿಗೆ ಸಾಧ್ಯವಾಗುವುದಿಲ್ಲ. ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಮಾರುತಗಳು ಗಂಗಾ ಬಯಲನ್ನು ದಾಟಿ ಇಲ್ಲಿಗೆ ತಲುಪುವಷ್ಟರಲ್ಲಿ ಬಹುಪಾಲು ತೇವ ಕಳೆದುಕೊಂಡಿರುತ್ತವೆ. ಜೊತೆಗೆ ಮೇಲಿನಿಂದ ಕೆಳಗಿಳಿಯುವ ಒಣ ಗಾಳಿ ಮೋಡಗಳು ಎತ್ತರಕ್ಕೆ ಬೆಳೆಯಲು ಬಿಡುವುದಿಲ್ಲ. ಹೀಗಾಗಿ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು, ಅರಾವಳಿಯ ಬುಡದಲ್ಲಿ 500 ಮಿಲಿಮೀಟರ್‌ವರೆಗೆ ಮಳೆ. ಅದರಲ್ಲಿ ಬಹುಪಾಲು ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕೆಲವೇ ದಿನಗಳಲ್ಲಿ ಬಿದ್ದು ಮುಗಿಯುತ್ತದೆ. ಒಂದು ಊರಿಗೆ ಬಿದ್ದ ಮಳೆ ಪಕ್ಕದ ಊರಿಗೆ ಬೀಳದೇ ಹೋಗಬಹುದು, ಒಂದು ವರ್ಷ ಬಂದದ್ದು ಮರುವರ್ಷ ಕೈಕೊಡಬಹುದು.

ಬಿಸಿಲಿನದೂ ಇದೇ ಅತಿರೇಕ. 2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಚೂರು ಬೇಸಿಗೆಯಲ್ಲಿ 50 ಡಿಗ್ರಿಯ ಹತ್ತಿರ ಕುದಿದು, ಚಳಿಗಾಲದ ಕೆಲವು ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮರಳು ಬಿಸಿಲಿಗೆ ಬೇಗ ಕಾಯುತ್ತದೆ, ಸೂರ್ಯ ಮುಳುಗಿದರೆ ಅಷ್ಟೇ ಬೇಗ ಆರುತ್ತದೆ. ಮೇ, ಜೂನ್‌ನಲ್ಲಿ ನೈಋತ್ಯದಿಂದ ಬೀಸುವ ಬಿರುಗಾಳಿ ಮರಳನ್ನೆತ್ತಿ ಹಳದಿ ಮಿಶ್ರಿತ ಕಂದು ಗೋಡೆಯಂತೆ ಊರಿನ ಮೇಲೆ ಕವಿಯುತ್ತದೆ. ಆಂಧಿ ಎಂದು ಕರೆಯುವ ಈ ಧೂಳುಗಾಳಿಯೇ ಇಲ್ಲಿನ ನೆಲದ ರೂಪವನ್ನು ಕಡೆದಿದೆ.

ಮರಳಷ್ಟೇ ಅಲ್ಲ

ಪ್ರವಾಸಿಗರ ಚಿತ್ರಗಳಲ್ಲಿ ಕಾಣುವ ಸಮ್ ಊರಿನ ಬೋಳು ದಿಬ್ಬಗಳು ಥಾರ್‌ನ ಒಂದು ಸಣ್ಣ ಭಾಗ. ಸ್ಥಳೀಯರು ಧೋರಾ ಎನ್ನುವ ಮರಳುದಿಬ್ಬಗಳಲ್ಲಿ ಹಲವು ಬಗೆಗಳಿವೆ. ಗಾಳಿ ಬೀಸುವ ದಿಕ್ಕಿನುದ್ದಕ್ಕೂ ಮಲಗಿದವು ಕೆಲವು, ಅಡ್ಡಡ್ಡ ನಿಂತವು ಕೆಲವು. ಹೆಚ್ಚಿನವು ಗಾಳಿ ಬರುವ ಕಡೆಗೆ ಎರಡು ತೋಳು ಚಾಚಿದ ಬಾಗಿದ ದಿಬ್ಬಗಳು. ಇವುಗಳ ತೋಳುಗಳನ್ನು ಹುಲ್ಲು, ಪೊದೆಗಳ ಬೇರು ಹಿಡಿದಿಟ್ಟಿರುತ್ತವೆ. ಬೇರು ಹಿಡಿದಿರುವವರೆಗೆ ದಿಬ್ಬ ಕದಲುವುದಿಲ್ಲ. ಹುಲ್ಲು ಹೋದರೆ ಅದೇ ದಿಬ್ಬ ಹೊಲದತ್ತ, ದಾರಿಯತ್ತ, ಮನೆಯತ್ತ ತೆವಳುತ್ತದೆ.

ದಿಬ್ಬಗಳ ನಡುವೆ ಗಟ್ಟಿ ಮಣ್ಣಿನ ತಗ್ಗುಗಳಿವೆ, ಜಲ್ಲಿಕಲ್ಲಿನ ಬಯಲುಗಳಿವೆ, ಜೈಸಲ್ಮೇರ್ ಕೋಟೆಗೆ ಹೊನ್ನಿನ ಬಣ್ಣ ಕೊಟ್ಟ ಹಳದಿ ಕಲ್ಲಿನ ಹಾಸುಗಳಿವೆ. ಜೈಸಲ್ಮೇರ್‌ನಿಂದ 17 ಕಿಲೋಮೀಟರ್ ದೂರದ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಬಿದ್ದಿವೆ. ಒಂದಾನೊಂದು ಕಾಲದಲ್ಲಿ ಇಲ್ಲಿ ದಟ್ಟ ಕಾಡಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಸಾಂಭರ್, ಡೀಡ್‌ವಾನಾ, ಪಚ್‌ಪದ್ರಾ ಮುಂತಾದ ಉಪ್ಪಿನ ಕೆರೆಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಡೀಡ್‌ವಾನಾ ಕೆರೆಯ ತಳದಲ್ಲಿ ಪದರಪದರವಾಗಿ ಕೂತ ಹೂಳು ಮತ್ತೊಂದು ಕಥೆ ಹೇಳುತ್ತದೆ: ಆರೇಳು ಸಾವಿರ ವರ್ಷಗಳ ಹಿಂದೆ ಇಲ್ಲಿ ಇಂದಿಗಿಂತ ಹೆಚ್ಚು ಮಳೆಯಾಗುತ್ತಿತ್ತು, ಆಮೇಲೆ ಒಣಗಾಲ ಬಂತು.

ಈ ಸೀಮೆಯ ಮುಖ್ಯ ನದಿ ಲೂಣಿ. ಅಜ್ಮೇರ್ ಸಮೀಪ ಅರಾವಳಿಯಲ್ಲಿ ಹುಟ್ಟಿ, ಸುಮಾರು 495 ಕಿಲೋಮೀಟರ್ ಹರಿದು ಕಛ್‌ನ ರಣ್‌ನಲ್ಲಿ ಇಂಗಿಹೋಗುತ್ತದೆ. ಬಾಲೋತ್ರಾದವರೆಗೆ ಸಿಹಿಯಾಗಿರುವ ನೀರು ಅಲ್ಲಿಂದ ಮುಂದೆ ನೆಲದ ಉಪ್ಪು ಸೇರಿ ಕುಡಿಯಲು ಬಾರದಂತಾಗುತ್ತದೆ. ಅದೂ ಮಳೆಗಾಲದಲ್ಲಿ ಮಾತ್ರ ಹರಿಯುವ ನದಿ.

ಕಣ್ಣಿಗೆ ಕಾಣದಿದ್ದರೂ ಥಾರ್‌ನ ಬದುಕನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ನೆಲದೊಳಗಿನ ಒಂದು ಪದರ. ಜೈಸಲ್ಮೇರ್, ಬಾಡ್ಮೇರ್, ಬಿಕಾನೇರ್, ಚೂರು ಜಿಲ್ಲೆಗಳ ಹಲವೆಡೆ ಮರಳಿನ ಅಡಿಯಲ್ಲಿ ಜಿಪ್ಸಮ್ ಅಥವಾ ಸುಣ್ಣದಂಥ ಗಟ್ಟಿ ಹಾಸು ಇದೆ. ಅದು ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಇಲ್ಲಿನ ಬಾವಿಗಳಿಗೂ, ಕಾಲುವೆಯ ಅನಾಹುತಗಳಿಗೂ, ಒಮ್ಮೆ ಬಂದ ಪ್ರವಾಹಕ್ಕೂ ಕಾರಣ ಇದೇ ಹಾಸು.

ಮೂರು ಬಗೆಯ ನೀರು

ಪಶ್ಚಿಮ ರಾಜಸ್ಥಾನದ ಜನ ನೀರನ್ನು ಮೂರು ಬಗೆಯಾಗಿ ಎಣಿಸುತ್ತಾರೆ. ಮಳೆಯಾಗಿ ಬಿದ್ದು ನೆಲದ ಮೇಲೆ ನಿಂತದ್ದು ಪಾಲರ್ ಪಾನಿ. ತೀರಾ ಆಳದಲ್ಲಿರುವ, ಬಹುಮಟ್ಟಿಗೆ ಉಪ್ಪಾಗಿರುವ ಅಂತರ್ಜಲ ಪಾತಾಳ ಪಾನಿ. ಇವೆರಡರ ನಡುವೆ, ಮರಳಿನಲ್ಲಿ ಇಂಗಿ ಜಿಪ್ಸಮ್ ಹಾಸಿನ ಮೇಲೆ ತೇವವಾಗಿ ಉಳಿದದ್ದು ರೇಜಾಣಿ ಪಾನಿ. ಗಾಂಧಿವಾದಿ ಲೇಖಕ ಅನುಪಮ್ ಮಿಶ್ರಾ 1995ರಲ್ಲಿ ಹಿಂದಿಯಲ್ಲಿ ಪ್ರಕಟಿಸಿದ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಪುಸ್ತಕ ಈ ಅರಿವನ್ನು ಹೊರಜಗತ್ತಿಗೆ ವಿವರವಾಗಿ ಪರಿಚಯಿಸಿತು.

ರೇಜಾಣಿ ನೀರನ್ನು ತೆಗೆಯಲು ತೋಡುವುದೇ ಕುಂಈ ಎಂಬ ಕಿರುಬಾವಿ. ಅದರ ಅಗಲ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ಅಗೆಯಲು ಸಾಕಾಗುವಷ್ಟೇ. ಗುದ್ದಲಿ ಬೀಸಲು ಜಾಗವಿಲ್ಲದ್ದರಿಂದ ಗಿಡ್ಡ ಹಿಡಿಯ ಸಲಕರಣೆಯಿಂದ ಮರಳು ಕೆರೆಯುತ್ತಾನೆ. ಮೇಲಿಂದ ಕಲ್ಲು ಬಿದ್ದೀತೆಂದು ತಲೆಗೆ ಲೋಹದ ಪಾತ್ರೆ ಬೋರಲು ಹಾಕಿಕೊಂಡಿರುತ್ತಾನೆ. ಆಳಕ್ಕೆ ಹೋದಂತೆ ಸೆಕೆ ಉಸಿರು ಕಟ್ಟಿಸುತ್ತದೆ. ಆಗ ಮೇಲಿರುವವರು ಹಿಡಿಹಿಡಿ ಮರಳನ್ನು ರಭಸದಿಂದ ಕೆಳಗೆಸೆಯುತ್ತಾರೆ. ಮರಳಿನೊಂದಿಗೆ ತಾಜಾ ಗಾಳಿ ಒಳಗಿಳಿಯುತ್ತದೆ, ತಳದ ಬಿಸಿ ಗಾಳಿ ಮೇಲೇರುತ್ತದೆ. ಸಡಿಲ ಮರಳು ಕುಸಿಯದಂತೆ ಖೀಂಪ್ ಎಂಬ ಗಿಡದ ನಾರಿನಿಂದ ಹೊಸೆದ ದಪ್ಪ ಹಗ್ಗವನ್ನು ಸುರುಳಿ ಸುತ್ತುತ್ತ ತಳದಿಂದ ಬಾಯಿಯವರೆಗೆ ಗೋಡೆಯಂತೆ ಏರಿಸುತ್ತಾರೆ. ಜಿಪ್ಸಮ್ ಹಾಸು ಸಿಕ್ಕಿತೆಂದರೆ ಅಗೆತ ನಿಲ್ಲಬೇಕು. ಅದನ್ನು ಒಡೆದರೆ ಸಿಹಿನೀರು ಕೆಳಗಿಳಿದು ಉಪ್ಪಿನೊಂದಿಗೆ ಬೆರೆಯುತ್ತದೆ.

ಸುತ್ತಲಿನ ಮರಳಿನ ತೇವ ಹನಿಹನಿಯಾಗಿ ಕುಂಈಯೊಳಗೆ ಜಿನುಗುತ್ತದೆ. ದಿನಕ್ಕೆ ಎರಡು ಮೂರು ಕೊಡ ನೀರು ಸಿಕ್ಕರೆ ಅದೇ ಹೆಚ್ಚು. ಬಾಯಿ ಕಿರಿದಾಗಿರುವುದರಿಂದ ಆವಿಯಾಗುವುದು ಕಡಿಮೆ, ಮುಚ್ಚಿಡುವುದೂ ಸುಲಭ. ಕುಂಈ ಒಂದೊಂದು ಮನೆಯದು, ಆದರೆ ಅದಿರುವ ಜಾಗ ಊರಿನದು. ಹೊಸದೊಂದು ಕುಂಈ ತೋಡಿದರೆ ಅದೇ ತೇವ ಇನ್ನೊಂದು ಪಾಲಾಗುತ್ತದೆ. ಆದ್ದರಿಂದ ಊರಿನ ಒಪ್ಪಿಗೆಯಿಲ್ಲದೆ ಯಾರೂ ತೋಡುವಂತಿಲ್ಲ.

ಪಾಲರ್ ನೀರನ್ನು ಹಿಡಿಯಲು ಟಾಂಕಾ, ನಾಡಿ, ಕೆರೆಗಳಿವೆ. ಟಾಂಕಾ ಎಂದರೆ ನೆಲದೊಳಗಿನ ಗಾರೆಯ ತೊಟ್ಟಿ. ಅದರ ಸುತ್ತ ಇಳಿಜಾರಾಗಿ ಹದಮಾಡಿ ಗುಡಿಸಿಟ್ಟ ಅಂಗಳಕ್ಕೆ ಆಗೋರ್ ಎನ್ನುತ್ತಾರೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾಗಿ ನೂರು ಚದರ ಮೀಟರ್ ಅಂಗಳಕ್ಕೆ 100 ಮಿಲಿಮೀಟರ್ ಮಳೆಯಾದರೆ ಹತ್ತು ಸಾವಿರ ಲೀಟರ್ ಬೀಳುತ್ತದೆ. ಇಂಗಿ, ಆರಿ ಹೋದದ್ದನ್ನು ಕಳೆದರೂ ಒಂದು ಮನೆಯ ಕುಡಿಯುವ ನೀರಿಗೆ ಅದು ದೊಡ್ಡ ಆಸರೆ. ಆಗೋರ್‌ನೊಳಗೆ ಚಪ್ಪಲಿ ಹಾಕಿ ನಡೆಯದ, ದನ ಬಿಡದ ಕಟ್ಟುಪಾಡು ಅನೇಕ ಊರುಗಳಲ್ಲಿದೆ. ಹದಿನಾಲ್ಕನೆಯ ಶತಮಾನದಲ್ಲಿ ರಾವಲ್ ಗಡ್ಸಿ ಸಿಂಗ್ ಹೆಸರಿನಲ್ಲಿ ರೂಪುಗೊಂಡ ಗಡಿಸರ್ ಕೆರೆ ಬಹುಕಾಲ ಜೈಸಲ್ಮೇರ್ ಪಟ್ಟಣದ ಬಾಯಾರಿಕೆ ನೀಗಿಸಿತು.

ಬೇಸಾಯಕ್ಕೆ ಖಡೀನ್ ಇದೆ. ಜೈಸಲ್ಮೇರ್ ಸೀಮೆಯ ಪಾಲಿವಾಲ್ ಬ್ರಾಹ್ಮಣರು ಹದಿನೈದನೆಯ ಶತಮಾನದ ಹೊತ್ತಿಗೆ ಬೆಳೆಸಿದ ಪದ್ಧತಿಯಿದು. ಕಲ್ಲು ಬಯಲಿನ ಇಳಿಜಾರಿನಿಂದ ಹರಿದು ಬರುವ ಮಳೆನೀರಿಗೆ ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಒಡ್ಡು ಕಟ್ಟುತ್ತಾರೆ. ನೀರು ಅಲ್ಲಿ ನಿಂತು, ಹೂಳು ಬಿಟ್ಟು, ಮಣ್ಣಿಗಿಳಿಯುತ್ತದೆ. ನೀರು ಆರಿದ ಮೇಲೆ ಆ ತೇವದಲ್ಲೇ ಹಿಂಗಾರಿಗೆ ಗೋಧಿ, ಕಡಲೆ ಬಿತ್ತುತ್ತಾರೆ. ಬೇರೆ ನೀರಾವರಿ ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಲಿವಾಲರು ಕುಲ್‌ಧರಾ ಮುಂತಾದ ಊರುಗಳನ್ನು ತೊರೆದು ಹೋದರೂ ಖಡೀನ್‌ಗಳಲ್ಲಿ ಇಂದಿಗೂ ಬೆಳೆ ಬರುತ್ತಿದೆ.

ಬನ್ನಿಯ ನೆರಳು

ಕರ್ನಾಟಕದಲ್ಲಿ ವಿಜಯದಶಮಿಯಂದು ಪೂಜೆಗೊಳ್ಳುವ ಬನ್ನಿ ಮರವೇ ಥಾರ್‌ನ ಖೇಜ್ಡಿ. ರಾಜಸ್ಥಾನ ಇದನ್ನು 1983ರಲ್ಲಿ ರಾಜ್ಯವೃಕ್ಷವೆಂದು ಘೋಷಿಸಿತು. ತೇವ ಹುಡುಕುತ್ತ ಬಹಳ ಆಳಕ್ಕಿಳಿಯುವ ಬೇರು ಇದರದು. ಉಳಿದ ಗಿಡಗಳು ಬೇಸಿಗೆಗೆ ಬೋಳಾಗಿ ನಿಂತಾಗ ಇದು ಹೊಸ ಎಲೆ ಬಿಡುತ್ತದೆ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮಣ್ಣಿಗೆ ಸೇರಿಸುತ್ತದೆ. ಇದರ ಬುಡದಲ್ಲಿ ಸಜ್ಜೆ ಸೊರಗುವುದಿಲ್ಲ, ಬದಲಿಗೆ ಹುಲುಸಾಗುತ್ತದೆ. ಆದ್ದರಿಂದ ರೈತರು ಹೊಲದ ನಡುವೆಯೇ ಖೇಜ್ಡಿಗಳನ್ನು ಉಳಿಸಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಟೊಂಗೆ ಸವರಿ ಎಲೆಯನ್ನು ಒಣಗಿಸಿಟ್ಟರೆ ಅದು ಲೂಂಗ್ ಎಂಬ ಮೇವು. ಬೇಸಿಗೆಯಲ್ಲಿ ಎಳೆಯ ಕಾಯಿ ಕಿತ್ತು ಬೇಯಿಸಿ ಒಣಗಿಸಿದರೆ ಅದು ಸಾಂಗ್ರಿ. ಕೇರ್ ಪೊದೆಯ ಗುಂಡುಕಾಯಿಯ ಜೊತೆ ಸೇರಿಸಿ ಮಾಡುವ ಕೇರ್ ಸಾಂಗ್ರಿ ಪಲ್ಯ ಇಂದು ದೊಡ್ಡ ಹೋಟೆಲುಗಳ ತಟ್ಟೆಗೂ ಬಂದಿದೆ. ಬರಗಾಲದಲ್ಲಿ ಬಡವರನ್ನು ಉಳಿಸಿದ್ದು ಇದೇ ಮರ. 1899–1900ರ ಛಪ್ಪನಿಯಾ ಕ್ಷಾಮದಲ್ಲಿ ಜನ ಖೇಜ್ಡಿಯ ತೊಗಟೆಯನ್ನೂ ಪುಡಿಮಾಡಿ ತಿಂದರು.

ಜೈಸಲ್ಮೇರ್‌ನ ಒಣ ಬಯಲುಗಳಲ್ಲಿ ಸೇವಣ್ ಎಂಬ ಹುಲ್ಲು ದಟ್ಟ ಬುಡಗಳಾಗಿ ಬೆಳೆಯುತ್ತದೆ. ಒಮ್ಮೆ ಬೇರೂರಿದರೆ ವರ್ಷಗಟ್ಟಲೆ ಬಾಳುತ್ತದೆ, ಒಣಗಿ ಹುಲ್ಲುಕಡ್ಡಿಯಂತಾದರೂ ಒಂದು ಮಳೆಗೆ ಚಿಗುರುತ್ತದೆ. ಥಾರ್‌ಪಾರ್ಕರ್, ರಾಠಿ ತಳಿಯ ಹಸುಗಳ ಹಾಲಿನ ಹಿಂದೆ ಈ ಹುಲ್ಲಿದೆ. ಮರಳುದಿಬ್ಬದ ಮೇಲೆ ಫೋಗ್ ಪೊದೆ, ಗಟ್ಟಿ ನೆಲದಲ್ಲಿ ಜಾಲ್ ಮರ, ಹೊಲದಂಚಿನಲ್ಲಿ ರೋಹಿಡಾ. ರೋಹಿಡಾದ ಕೇಸರಿ ಹೂವು ರಾಜಸ್ಥಾನದ ರಾಜ್ಯಪುಷ್ಪ. ಅದರ ಕಟ್ಟಿಗೆಗೆ ಮಾರ್ವಾಡದ ತೇಗವೆಂದೇ ಹೆಸರು.

ಹೊಲದ ಬೆಳೆಗಳೂ ಬರ ತಾಳುವಂಥವೇ: ಸಜ್ಜೆ, ಮಡಕೆ ಕಾಳು, ಗೋರಿಕಾಯಿಯ ಜಾತಿಯ ಗುವಾರ್, ಎಳ್ಳು. ನಾಲ್ಕನ್ನೂ ಒಟ್ಟಿಗೆ ಬಿತ್ತುವುದುಂಟು. ಮಳೆ ಸರಿಯಾದರೆ ಸಜ್ಜೆ ಕೈಹಿಡಿಯುತ್ತದೆ, ಬೇಗ ನಿಂತರೆ ಮಡಕೆಯಾದರೂ ಉಳಿಯುತ್ತದೆ. ಉತ್ತರ ಕರ್ನಾಟಕದ ಒಣಬೇಸಾಯಗಾರರಿಗೆ ಈ ಜಾಣ್ಮೆ ಹೊಸದೇನಲ್ಲ.

ಬಿಸಿಲು ತಾಳುವ ಜೀವಗಳು

ಮರುಭೂಮಿಯ ಪ್ರಾಣಿಗಳೆಲ್ಲ ಎರಡು ಕೆಲಸ ಕಲಿತಿವೆ: ನೀರನ್ನು ಕಳೆಯದಿರುವುದು, ಬಿಸಿಲಿನಿಂದ ತಪ್ಪಿಸಿಕೊಳ್ಳುವುದು. ಒಂಟೆಯ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ನೀರಿನ ಉಳಿತಾಯ ನಡೆಯುವುದು ಬೇರೆಡೆ. ಬಾಯಾರಿದ ಒಂಟೆಯ ಮೈಬಿಸಿ ಬೆಳಗಿನ ಜಾವ 34 ಡಿಗ್ರಿಗಿಳಿದು ಮಧ್ಯಾಹ್ನ 40 ಡಿಗ್ರಿ ದಾಟಬಹುದು. ಮೈ ಅಷ್ಟು ಕಾಯುವವರೆಗೆ ಅದು ಬೆವರುವುದಿಲ್ಲ. ಮೈತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಬದುಕುಳಿಯುತ್ತದೆ, ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರ್ ಕುಡಿಯುತ್ತದೆ. ಮೊಟ್ಟೆಯಾಕಾರದ ಅದರ ಕೆಂಪು ರಕ್ತಕಣಗಳು ಅಷ್ಟು ನೀರು ಒಮ್ಮೆಗೇ ಸೇರಿದರೂ ಒಡೆಯುವುದಿಲ್ಲ.

ಚಿಂಕಾರ ನೀರು ಕುಡಿಯದೆ, ಎಲೆಯ ತೇವ ಮತ್ತು ಇಬ್ಬನಿಯಲ್ಲೇ ದಿನಗಟ್ಟಲೆ ಕಳೆಯಬಲ್ಲದು. ರಾಜಸ್ಥಾನದ ರಾಜ್ಯಪ್ರಾಣಿಯಾದ ಈ ಪುಟ್ಟ ಜಿಂಕೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ವನ್ಯಧಾಮದಲ್ಲೂ ಇದೆ. ಸಾಂಡಾ ಎಂಬ ಮುಳ್ಳುಬಾಲದ ಹಲ್ಲಿ ಗಟ್ಟಿನೆಲದಲ್ಲಿ ಬಿಲ ತೋಡುತ್ತದೆ. ಬೆಳಗಿನ ಬಿಸಿಲಿಗೆ ಮೈ ಕಾಯಿಸಿಕೊಂಡು ಎಲೆ, ಹೂವು ಮೇದು, ಬಿಸಿಲೇರಿದೊಡನೆ ಒಳಗಿಳಿದು ಬಿಲದ ಬಾಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಚಳಿಗಾಲವಿಡೀ ಅದು ಹೊರಬರುವುದೇ ಅಪರೂಪ. ಇದರ ಕೊಬ್ಬಿನ ಎಣ್ಣೆಗೆ ಔಷಧಗುಣವಿದೆ ಎಂಬ ಹುಸಿ ನಂಬಿಕೆಯಿಂದ ಬೇಟೆಗಾರರು ಇದನ್ನು ಕೊಲ್ಲುತ್ತಾರೆ. ಹದ್ದು, ಡೇಗೆ, ನರಿಗಳಿಗೆಲ್ಲ ಆಹಾರವಾಗುವ ಈ ಪ್ರಾಣಿ ಕಡಿಮೆಯಾದರೆ ಅವೂ ಹಸಿಯುತ್ತವೆ. ಗರಗಸ ಮಂಡಲದ ಹಾವು ಕಾದ ಮರಳಿನ ಮೇಲೆ ಮೈಯ ಕೆಲವೇ ಭಾಗ ತಾಗಿಸುತ್ತ ಓರೆಯಾಗಿ ಸರಿಯುತ್ತದೆ. ಸ್ಯಾಂಡ್‌ಗ್ರೌಸ್ ಹಕ್ಕಿಯ ಗಂಡು ದೂರದ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಹಾರಿಬರುತ್ತದೆ, ಮರಿಗಳು ಆ ಗರಿಗಳಿಂದ ನೀರು ಹೀರುತ್ತವೆ.

ಚಳಿಗಾಲದಲ್ಲಿ ಫಲೋದಿ ಬಳಿಯ ಖೀಚನ್ ಊರಿಗೆ ಮಂಗೋಲಿಯ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಸಾವಿರಾರು ಕ್ರೌಂಚಗಳು ಬರುತ್ತವೆ. ಜನ ಅವನ್ನು ಕುರ್ಜಾ ಎಂದು ಕರೆಯುತ್ತಾರೆ. ಊರವರು ಪಕ್ಕಾ ಬೇಲಿ ಹಾಕಿದ ಅಂಗಳದಲ್ಲಿ ದಿನವೂ ಕಾಳು ಚೆಲ್ಲುತ್ತಾರೆ. ಜೈನ ವರ್ತಕರ ದಾನದಿಂದ ನಡೆದುಬಂದ ಈ ಕಾಳುಸೇವೆ ಹಕ್ಕಿಗಳ ಸಂಖ್ಯೆಯನ್ನು ವರ್ಷದಿಂದ ವರ್ಷಕ್ಕೆ ಬೆಳೆಸಿದೆ. ಖೀಚನ್ 2025ರಲ್ಲಿ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು.

ಮರಕ್ಕೆ ಪ್ರಾಣ ಕೊಟ್ಟವರು

1451ರಲ್ಲಿ ನಾಗೌರ್ ಸೀಮೆಯ ಪೀಪಾಸರ್‌ನಲ್ಲಿ ಹುಟ್ಟಿದ ಗುರು ಜಂಭೇಶ್ವರರು ಭೀಕರ ಬರಗಾಲಗಳನ್ನು ಕಂಡವರು. 1485ರಲ್ಲಿ ಸಮ್ರಾಥಲ್ ಮರಳುದಿಬ್ಬದ ಮೇಲೆ ಅವರು 29 ನಿಯಮಗಳನ್ನು ಬೋಧಿಸಿದರು. ಅವನ್ನು ಪಾಲಿಸುವವರೇ ಬಿಷ್ಣೋಯಿಗಳು. ಹಸಿ ಮರ ಕಡಿಯಬಾರದು, ಎಲ್ಲ ಜೀವಗಳಲ್ಲಿ ದಯೆ ಇರಬೇಕು ಎಂಬುವು ಆ ನಿಯಮಗಳಲ್ಲಿ ಸೇರಿವೆ. ಬಿಷ್ಣೋಯಿ ಊರುಗಳ ಹೊಲಗಳಲ್ಲಿ ಇಂದಿಗೂ ಚಿಂಕಾರ, ಕೃಷ್ಣಮೃಗಗಳು ನಿರ್ಭಯವಾಗಿ ಮೇಯುತ್ತವೆ.

1730ರಲ್ಲಿ ಜೋಧ್‌ಪುರದ ಮಹಾರಾಜ ಅಭಯ್ ಸಿಂಗ್‌ನ ಆಳುಗಳು ಅರಮನೆಯ ಸುಣ್ಣದ ಗೂಡಿಗೆ ಕಟ್ಟಿಗೆ ತರಲು ಖೇಜಡ್ಲಿ ಊರಿಗೆ ಬಂದರು. ಅಮೃತಾ ದೇವಿ ಎಂಬ ಹೆಣ್ಣುಮಗಳು ಮರವನ್ನು ಅಪ್ಪಿ ನಿಂತಳು. ಆಕೆಯನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಕೊಡಲಿಗೆ ಬಲಿಕೊಟ್ಟರು. ಸುದ್ದಿ ಹಬ್ಬಿ ಸುತ್ತಲಿನ ಊರುಗಳಿಂದ ಬಂದ ಬಿಷ್ಣೋಯಿಗಳು ಒಬ್ಬರ ಹಿಂದೊಬ್ಬರು ಮರ ಅಪ್ಪಿದರು. ಒಟ್ಟು 363 ಮಂದಿ ಪ್ರಾಣ ಬಿಟ್ಟರು. ಕೊನೆಗೆ ರಾಜ ಬಿಷ್ಣೋಯಿ ಊರುಗಳಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ ನಿಷೇಧಿಸಿದ. ಕರ್ನಾಟಕದ ಅಪ್ಪಿಕೋ ಚಳವಳಿಗೆ 250 ವರ್ಷ ಹಿಂದೆಯೇ ನಡೆದ ಈ ಬಲಿದಾನವನ್ನು ಖೇಜಡ್ಲಿಯಲ್ಲಿ ಪ್ರತಿವರ್ಷ ಸ್ಮರಿಸುತ್ತಾರೆ.

ಬಿಷ್ಣೋಯಿಗಳಲ್ಲದವರಿಗೂ ಓರಣಗಳಿವೆ. ದೇವರ ಹೆಸರಿನಲ್ಲಿ ಬಿಟ್ಟ ಈ ಕಾವಲುಗಳು ಕೊಡಗಿನ ದೇವರಕಾಡುಗಳ ಮರುಭೂಮಿಯ ನೆಂಟರು. ಪಾಬೂಜಿ, ಕರಣಿ ಮಾತೆ, ದೇಗರಾಯ್ ಮಾತೆಯರ ಹೆಸರಿನ ಓರಣಗಳಲ್ಲಿ ಕೊಡಲಿ ಹಾಕುವಂತಿಲ್ಲ. ದನ, ಒಂಟೆ ಮೇಯಬಹುದು, ಒಣಗಿ ಬಿದ್ದದ್ದನ್ನು ಆರಿಸಬಹುದು. ರಾಯಿಕಾ ಅಥವಾ ರೇಬಾರಿ ಜನರ ಒಂಟೆ ಸಾಕಣೆ ನಿಂತಿರುವುದೇ ಇಂಥ ಮೇಯುವ ನೆಲದ ಮೇಲೆ. ಮಳೆ ಕೈಕೊಟ್ಟ ವರ್ಷ ಹಿಂಡು ಹೊಡೆದುಕೊಂಡು ನೂರಾರು ಮೈಲಿ ವಲಸೆ ಹೋಗಿ, ಮಳೆ ಬಿದ್ದ ಮೇಲೆ ಮರಳುವುದು ಇವರ ರೂಢಿ.

ಸಂಗೀತಗಾರರ ಬದುಕೂ ಈ ನೆಲದ ಕೊಡುಕೊಳೆಯೊಂದಿಗೆ ಹೆಣೆದುಕೊಂಡಿದೆ. ಮುಸ್ಲಿಮರಾದ ಮಾಂಗಣಿಯಾರ್ ಮತ್ತು ಲಂಗಾ ಗಾಯಕರು ತಲೆಮಾರುಗಳಿಂದ ಪೋಷಕ ಮನೆತನಗಳ ಮದುವೆ, ಹುಟ್ಟು, ಸಾವುಗಳಲ್ಲಿ ಹಾಡುತ್ತ ಬಂದವರು. ಮಾಂಗಣಿಯಾರರ ಪೋಷಕರಲ್ಲಿ ಹಿಂದೂ ರಜಪೂತರೇ ಹೆಚ್ಚು. ಪ್ರತಿಯಾಗಿ ಅವರಿಗೆ ಕಾಳು, ಕುರಿ, ಒಂಟೆಗಳ ಪಾಲು ಸಲ್ಲುತ್ತಿತ್ತು. ಮಾಂಗಣಿಯಾರರ ಕಮಾಯಚಾ, ಲಂಗರ ಸಿಂಧಿ ಸಾರಂಗಿ ವಾದ್ಯಗಳ ನಾದವನ್ನು ಜಾನಪದ ವಿದ್ವಾಂಸ ಕೋಮಲ್ ಕೋಠಾರಿ ಜಗತ್ತಿನ ವೇದಿಕೆಗಳಿಗೆ ತಲುಪಿಸಿದರು.

ಕಾಲುವೆ ಬಂದ ಮೇಲೆ

ಪಂಜಾಬಿನ ಹರಿಕೆ ಅಣೆಕಟ್ಟೆಯಿಂದ ಹಿಮಾಲಯದ ನೀರನ್ನು ಥಾರ್‌ಗೆ ತರುವ ಕಾಲುವೆಯ ಕೆಲಸ 1958ರಲ್ಲಿ ಆರಂಭವಾಯಿತು. ಮೂಲ ಕಲ್ಪನೆ ಎಂಜಿನಿಯರ್ ಕಂವರ್ ಸೇನ್ ಅವರದು. ಮೊದಲು ರಾಜಸ್ಥಾನ ಕಾಲುವೆ ಎನಿಸಿಕೊಂಡಿದ್ದ ಇದು 1984ರ ಬಳಿಕ ಇಂದಿರಾ ಗಾಂಧಿ ಕಾಲುವೆಯಾಯಿತು. 204 ಕಿಲೋಮೀಟರ್ ಪೂರಕ ಕಾಲುವೆ, 445 ಕಿಲೋಮೀಟರ್ ಮುಖ್ಯ ಕಾಲುವೆ ಸೇರಿ 649 ಕಿಲೋಮೀಟರ್. ನೀರು 1980ರ ದಶಕದಲ್ಲಿ ಜೈಸಲ್ಮೇರ್ ಜಿಲ್ಲೆಯ ಮೋಹನ್‌ಗಢಕ್ಕೆ ತಲುಪಿತು. ಗಂಗಾನಗರ, ಹನುಮಾನ್‌ಗಢ, ಬಿಕಾನೇರ್‌ಗಳಲ್ಲಿ ಗೋಧಿ, ಸಾಸಿವೆ, ಹತ್ತಿ, ಶೇಂಗಾ ಬೆಳೆದವು. ಎಷ್ಟೋ ಊರುಗಳ ಹೆಂಗಸರಿಗೆ ಮೈಲಿಗಟ್ಟಲೆ ನೀರು ಹೊರುವ ಕಷ್ಟ ತಪ್ಪಿತು. ಇದು ಸಣ್ಣ ಉಪಕಾರವಲ್ಲ.

ಆದರೆ ನೆಲದೊಳಗಿನ ಜಿಪ್ಸಮ್ ಹಾಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೀರು ಹಾಯಿಸಿದಲ್ಲಿ ಅದು ಕೆಳಗಿಳಿಯದೆ ಮೇಲೆ ಉಕ್ಕಿತು. ಹೊಲಗಳು ಜೌಗಾದವು. ನೀರು ಆರಿದಾಗ ಉಪ್ಪು ಬಿಳಿಯಾಗಿ ಮೇಲೆ ಕೂತಿತು, ಭೂಮಿ ಬಿತ್ತನೆಗೆ ಬಾರದಾಯಿತು. ನಿಂತ ನೀರಲ್ಲಿ ಸೊಳ್ಳೆ ಹುಟ್ಟಿ 1994ರಲ್ಲಿ ಮಲೇರಿಯಾ ಥಾರ್‌ನ ಊರೂರಲ್ಲಿ ಹಬ್ಬಿತು. ದಿಬ್ಬಗಳನ್ನು ಸಮತಟ್ಟು ಮಾಡಿ ಸೇವಣ್ ಹುಲ್ಲುಗಾವಲನ್ನು ಉತ್ತಿದ್ದರಿಂದ ಮೇವು ಕುಗ್ಗಿತು, ಹುಲ್ಲುಬಯಲಿನ ಹಕ್ಕಿ, ಪ್ರಾಣಿಗಳ ನೆಲೆ ಹೋಯಿತು.

2006ರ ಆಗಸ್ಟ್‌ನಲ್ಲಿ ಬಾಡ್ಮೇರ್ ಜಿಲ್ಲೆಯ ಕವಾಸ್ ಸುತ್ತ ಕೆಲವೇ ದಿನಗಳಲ್ಲಿ ಸುರಿದ ಅತಿವೃಷ್ಟಿಗೆ ಊರುಗಳು ಮುಳುಗಿದವು. ಅಲ್ಲಿಯೂ ಅಡಿಯ ಜಿಪ್ಸಮ್ ಪದರ ನೀರನ್ನು ಇಂಗಲು ಬಿಡಲಿಲ್ಲ, ಬಹುಕಾಲ ನೀರು ಹಾಗೇ ನಿಂತಿತು. ಕುಂಈಯಲ್ಲಿ ಹನಿ ಉಳಿಸಿಕೊಟ್ಟ ಪದರವೇ ನೀರು ಅತಿಯಾದಾಗ ಊರನ್ನು ಮುಳುಗಿಸಿತು.

ಹಸಿರು ತರುವ ಆತುರದಲ್ಲಿ ಆದ ತಪ್ಪೂ ಇಂಥದೇ. ಕರ್ನಾಟಕದಲ್ಲಿ ಬಳ್ಳಾರಿ ಜಾಲಿ ಎಂದು ಹೆಸರಾದ ವಿದೇಶಿ ಮುಳ್ಳುಗಿಡವನ್ನು ಮರಳು ತಡೆಯಲೆಂದು ತಂದರು. 1940ರಲ್ಲಿ ಜೋಧ್‌ಪುರ ಸಂಸ್ಥಾನ ಅದಕ್ಕೆ ರಾಜವೃಕ್ಷದ ಮನ್ನಣೆ ಕೊಟ್ಟು ರಕ್ಷಿಸಿತು. ಅದು ಸೌದೆ ಕೊಟ್ಟಿತು ನಿಜ, ಆದರೆ ಎಲ್ಲೆಡೆ ಹಬ್ಬಿ ಸ್ಥಳೀಯ ಹುಲ್ಲು, ಪೊದೆಗಳನ್ನು ಮೂಲೆಗೊತ್ತಿತು. ಜೋಧ್‌ಪುರದ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆ ಇಲ್ಲಿನ ನೆಲಕ್ಕೆ ಹೊಂದುವ ಗಿಡ, ಹುಲ್ಲುಗಳಿಂದ ದಿಬ್ಬಗಳನ್ನು ನಿಲ್ಲಿಸುವ ವಿಧಾನವನ್ನು ದಶಕಗಳಿಂದ ರೂಪಿಸುತ್ತ ಬಂದಿದೆ.

ತಂತಿಗೆ ಸಿಕ್ಕ ಹೆಬ್ಬಕ

ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಥವಾ ಹೆಬ್ಬಕ ರಾಜಸ್ಥಾನದಲ್ಲಿ ಗೋಡಾವಣ್. ಮೀಟರ್ ಎತ್ತರದ, 15 ಕಿಲೋವರೆಗೂ ತೂಗುವ ಗಂಡುಹಕ್ಕಿ ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ. ಹಿಂದೆ ದಕ್ಖನಿನ ಹುಲ್ಲುಬಯಲುಗಳಲ್ಲೂ ಹರಡಿದ್ದ ಈ ಹಕ್ಕಿ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸುತ್ತ ಬೆರಳೆಣಿಕೆಯಷ್ಟು ಉಳಿದಿದೆ. ಲೋಕದಲ್ಲಿ ಉಳಿದಿರುವ ಸುಮಾರು 150 ಹಕ್ಕಿಗಳಲ್ಲಿ ಬಹುಪಾಲು ಜೈಸಲ್ಮೇರ್‌ನಲ್ಲಿವೆ. ಅವುಗಳಿಗೆ ಆಸರೆಯಾಗಿ 3,162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ.

ಈ ಹಕ್ಕಿಯ ಕಣ್ಣು ತಲೆಯ ಪಕ್ಕಗಳಲ್ಲಿದೆ. ನೆಲದ ಶತ್ರುವನ್ನು ಸುತ್ತಲೂ ಕಾಣಲು ಅದು ಅನುಕೂಲ, ಆದರೆ ಹಾರುವಾಗ ಎದುರಿನ ತಂತಿ ಬೇಗ ಕಾಣುವುದಿಲ್ಲ. ಕಂಡರೂ ಅಷ್ಟು ಭಾರದ ಮೈಯನ್ನು ತಟ್ಟನೆ ತಿರುಗಿಸಲು ಆಗುವುದಿಲ್ಲ. ಗಾಳಿಯಂತ್ರ, ಸೌರ ಘಟಕಗಳ ವಿದ್ಯುತ್ತನ್ನು ಸಾಗಿಸುವ ತಂತಿಗಳು ಜೈಸಲ್ಮೇರ್‌ನ ಬಾನನ್ನು ತುಂಬಿದಂತೆ ಹೆಬ್ಬಕಗಳ ಸಾವು ಹೆಚ್ಚಿತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಲು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಆ ವ್ಯಾಪಕ ಆದೇಶವನ್ನು ಮಾರ್ಪಡಿಸಿ, ಎಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಲು ತಜ್ಞರ ಸಮಿತಿಗೆ ಒಪ್ಪಿಸಿತು. ಇತ್ತ ಸಮ್‌ನಲ್ಲಿ 2019ರಲ್ಲಿ ಶುರುವಾದ ಸಂತಾನಾಭಿವೃದ್ಧಿ ಕೇಂದ್ರದಲ್ಲಿ ಕಾಡಿನಿಂದ ತಂದ ಮೊಟ್ಟೆಗಳನ್ನು ಮರಿಮಾಡಿ ಬೆಳೆಸುತ್ತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂತು. ಮರಿಗಳನ್ನು ಮುಂದೆ ಬಿಡಲು ತಂತಿಯಿಲ್ಲದ ಹುಲ್ಲುಬಯಲು ಉಳಿದಿರಬೇಕು.

ಫಲೋದಿ ಬಳಿಯ ಭಡ್ಲಾ ಸೌರ ಉದ್ಯಾನ ಸುಮಾರು 14,000 ಎಕರೆಯಲ್ಲಿ 2,245 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಸಾಮರ್ಥ್ಯ ಹೊಂದಿದೆ. ಕಲ್ಲಿದ್ದಲಿನಿಂದ ಬಿಡಿಸಿಕೊಳ್ಳಲು ಇಂಥ ವಿದ್ಯುತ್ ದೇಶಕ್ಕೆ ಬೇಕು. ಆದರೆ ಎಷ್ಟೋ ಓರಣಗಳು, ಗೋಮಾಳಗಳು ಕಂದಾಯ ದಾಖಲೆಯಲ್ಲಿ ಪಾಳುಭೂಮಿ ಎಂದೇ ಇವೆ. ಕಾಗದದ ಮೇಲೆ ಪಾಳಾದದ್ದನ್ನು ಘಟಕಗಳಿಗೆ ಹಂಚುವುದು ಸುಲಭ. ಬಿಕಾನೇರ್, ಫಲೋದಿ ಭಾಗಗಳಲ್ಲಿ ಘಟಕಗಳಿಗಾಗಿ ಖೇಜ್ಡಿ ಕಡಿಯುವುದರ ವಿರುದ್ಧ ಬಿಷ್ಣೋಯಿಗಳು ಧರಣಿ ಕೂತಿದ್ದಾರೆ. ಜೈಸಲ್ಮೇರ್‌ನ ಊರವರು ದೇಗರಾಯ್ ಓರಣದ ಉಳಿವಿಗೆ ಕಾಲ್ನಡಿಗೆ ಜಾಥಾ ಮಾಡಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಓರಣಗಳನ್ನು ಗುರುತಿಸಿ, ನಕ್ಷೆ ಮಾಡಿ, ಅರಣ್ಯವಾಗಿ ರಕ್ಷಿಸುವಂತೆ ಸರ್ಕಾರಕ್ಕೆ ಸೂಚಿಸಿತು.

ಮೇಯುವ ನೆಲ ಕುಗ್ಗಿದ್ದರ ಫಲ ಒಂಟೆಯ ಎಣಿಕೆಯಲ್ಲೂ ಕಾಣುತ್ತದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಇದ್ದ ಒಂಟೆಗಳು 2019ರಲ್ಲಿ ಸುಮಾರು 2.5 ಲಕ್ಷಕ್ಕೆ ಇಳಿದವು. ಟ್ರ್ಯಾಕ್ಟರ್, ಜೀಪುಗಳು ಒಂಟೆಯ ಕೆಲಸ ಕಿತ್ತುಕೊಂಡಿದ್ದೂ ಕಾರಣ. ರಾಜಸ್ಥಾನ 2014ರಲ್ಲಿ ಚಿಂಕಾರದ ಜೊತೆಗೆ ಒಂಟೆಗೂ ರಾಜ್ಯಪ್ರಾಣಿಯ ಸ್ಥಾನ ಕೊಟ್ಟು, 2015ರಲ್ಲಿ ಅದರ ವಧೆಯನ್ನೂ ಹೊರರಾಜ್ಯಕ್ಕೆ ಸಾಗಿಸುವುದನ್ನೂ ಕಾನೂನಿನಿಂದ ತಡೆಯಿತು. ಇದರಿಂದ ಪುಷ್ಕರ ಜಾತ್ರೆಯಲ್ಲಿ ಕೊಳ್ಳುವವರು ಕಡಿಮೆಯಾಗಿ ಬೆಲೆ ಕುಸಿಯಿತು ಎಂಬುದು ಸಾಕಣೆದಾರರ ಅಳಲು. ಹಾಲಿಗೆ ಮಾರುಕಟ್ಟೆ, ಮೇಯಲು ಓರಣ ಎರಡೂ ಸಿಕ್ಕರೆ ರಾಯಿಕಾ ಯುವಕರು ಹಿಂಡಿನ ಜೊತೆ ಉಳಿಯುತ್ತಾರೆ. ಬರಿಯ ನಿಷೇಧದಿಂದ ಒಂಟೆ ಉಳಿಯದು.

ಥಾರ್‌ಗೆ ನೀರು, ವಿದ್ಯುತ್, ರಸ್ತೆ ಬೇಡವೆಂದು ಅಲ್ಲಿನವರು ಯಾರೂ ಹೇಳುವುದಿಲ್ಲ. ಬೇಕಾದದ್ದು ನೆಲವನ್ನು ಓದಿ ಮಾಡುವ ಕೆಲಸ: ಜಿಪ್ಸಮ್ ಹಾಸಿದ್ದಲ್ಲಿ ನೀರನ್ನು ಅಳೆದು ಹಾಯಿಸುವುದು, ಹೆಬ್ಬಕದ ನೆಲೆ ಬಿಟ್ಟು ತಂತಿ ಎಳೆಯುವುದು, ಸೌರಫಲಕಗಳಿಗೆ ಓರಣವಲ್ಲದ ಜಾಗ ಆರಿಸುವುದು, ಟಾಂಕಾ ಮತ್ತು ಖಡೀನ್‌ಗಳನ್ನು ದುರಸ್ತಿ ಮಾಡಿ ನಲ್ಲಿಯ ಜೊತೆಗೇ ಉಳಿಸಿಕೊಳ್ಳುವುದು. ಎಲ್ಲಿ ಏನಿದೆ ಎಂಬ ತಿಳಿವಳಿಕೆ ಅಲ್ಲಿನ ಕುರಿಗಾಹಿ, ರೈತ, ಬಾವಿ ತೋಡುವವರಲ್ಲಿ ಈಗಾಗಲೇ ಇದೆ. ಯೋಜನೆಯ ನಕ್ಷೆ ಬರೆಯುವ ಮೊದಲು ಅವರನ್ನು ಕೇಳುವುದೇ ಆಗಬೇಕಾದ ಮೊದಲ ಕೆಲಸ.